ಬೇಸ್‌ಬಾಲ್‌ನಲ್ಲಿ ತಪ್ಪೇ ಮಾಡದ ಇನ್‌ಫೀಲ್ಡರ್ (ಓಟಗಾರರು ಮುಟ್ಟಬೇಕಾದ ಬೇಸ್‌ಗಳ ಬಳಿ ನಿಲ್ಲುವವನು) ಒಳ್ಳೆಯ ಫೀಲ್ಡರ್ ಎನ್ನಬಹುದೇ?

ಎನ್ನಲಾಗದು. ಹಳೆಯ ಫೀಲ್ಡಿಂಗ್ ಶೇಕಡಾವಾರು ಲೆಕ್ಕ ನೋಡುವುದು ಆಟಗಾರ ತಲುಪಿದ ಚೆಂಡುಗಳನ್ನು ಮಾತ್ರ. ತಲುಪಲಾಗದೆ ಬಿಟ್ಟವು ಅದರಲ್ಲಿ ಸೇರುವುದೇ ಇಲ್ಲ. ನಿಧಾನಗತಿಯ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಪಕ್ಕದಲ್ಲೇ ಚೆಂಡು ನುಸುಳಿ ಹೋದರೆ ಅದು ಬ್ಯಾಟರ್‌ನ 'ಹಿಟ್', ಫೀಲ್ಡರ್‌ನ ತಪ್ಪಲ್ಲ. ಚುರುಕಾದವನು ಅದೇ ಚೆಂಡನ್ನು ಓಡಿ ಹಿಡಿದು, ಎಸೆತದಲ್ಲಿ ಎಡವಿದರೆ ಅವನ ಹೆಸರಿಗೆ 'ಎರರ್' (ತಪ್ಪು) ಬೀಳಬಹುದು. ಹೆಚ್ಚು ಪ್ರಯತ್ನಿಸಿದವನಿಗೇ ದಂಡ! ಇದು ನನಗೆ ಅನ್ಯಾಯವೆನಿಸುತ್ತದೆ.

ಹಾಗಾಗಿ ಈಗ ಪ್ರತಿ ಚೆಂಡಿನ ಕಷ್ಟವನ್ನೇ ಅಳೆಯುತ್ತಾರೆ. ಅಮೆರಿಕದ ಮೇಜರ್ ಲೀಗ್‌ನ ಸ್ಟಾಟ್‌ಕಾಸ್ಟ್ ವ್ಯವಸ್ಥೆ, ಫೀಲ್ಡರ್ ಎಷ್ಟು ದೂರ ಓಡಬೇಕಿತ್ತು, ಎಷ್ಟು ಸಮಯವಿತ್ತು, ಅಲ್ಲಿಂದ ಬೇಸ್ ಎಷ್ಟು ದೂರ, ಓಟಗಾರನ ವೇಗವೇನು ಎಂಬುದನ್ನು ನೋಡಿ ಔಟ್ ಆಗುವ ಸಾಧ್ಯತೆ ಹೇಳುತ್ತದೆ. ಸಾಧ್ಯತೆ ಶೇ. 75 ಇದ್ದಾಗ ಔಟ್ ಮಾಡಿದರೆ 0.25 ಅಂಕ ಸೇರುತ್ತದೆ, ತಪ್ಪಿದರೆ 0.75 ಕಳೆಯುತ್ತದೆ. ಇವುಗಳ ಮೊತ್ತವೇ 'ಔಟ್ಸ್ ಅಬೌವ್ ಆ್ಯವರೇಜ್', ಅಂದರೆ ಸರಾಸರಿ ಆಟಗಾರನಿಗಿಂತ ಎಷ್ಟು ಔಟ್ ಹೆಚ್ಚು ಅಥವಾ ಕಡಿಮೆ ಎಂಬ ಲೆಕ್ಕ.

ನ್ಯೂಯಾರ್ಕ್ ಯಾಂಕೀಸ್‌ನ ಡೆರೆಕ್ ಜೀಟರ್ ಶಾರ್ಟ್‌ಸ್ಟಾಪ್ ಆಗಿ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದರು. ಆದರೆ ತಲುಪುವ ವ್ಯಾಪ್ತಿಯನ್ನೂ ಪರಿಗಣಿಸುವ ಲೆಕ್ಕಗಳು ಅವರ ಫೀಲ್ಡಿಂಗನ್ನು ಸರಾಸರಿಗಿಂತ ಬಹಳ ಕೆಳಗಿಟ್ಟಿವೆ. ಹಾಗೆಂದು ಈ ಹೊಸ ಲೆಕ್ಕದಲ್ಲೂ ಕೆಲವೇ ವಾರಗಳ ಅಂಕಿಗಳನ್ನು ನಂಬಬೇಡಿ. ಕಠಿಣ ಚೆಂಡುಗಳು ಬರುವುದೇ ಅಪರೂಪ.