ಎರಡಿಂಚು ಸ್ನೋಗೆ ಸ್ಕೂಲ್ ರಜಾ ಅತಿಯಾಯ್ತಾ?

ಬೆಂಗಳೂರಿಂದ ಅಟ್ಲಾಂಟಾಗೆ ಹೊಸದಾಗಿ ಬಂದಿದೀವಿ, ಶಿಕಾಗೋದಲ್ಲಿ ಅಷ್ಟೊಂದು ಬಿದ್ರೂ ಸ್ಕೂಲ್ ನಡೆಯುತ್ತೆ, ಇಲ್ಲಿ ಎರಡಿಂಚು ಸ್ನೋ ಅಂದ್ರೆ ಸಾಕು ಮುಚ್ತಾರೆ, ಅತಿಯಾಯ್ತಲ್ವಾ ಅಂತ ಕೇಳಿದೀರ. ಅತಿ ಅಲ್ಲ ಸರ್, ಮುಚ್ಚೋದೇ ಸರಿ.

2014ರ ಜನವರಿ 28ಕ್ಕೆ ಇಲ್ಲಿ ಬಿದ್ದಿದ್ದು ಎರಡೂವರೆ ಇಂಚಿನ ಆಸುಪಾಸು ಅಷ್ಟೇ. ಬೆಳಿಗ್ಗೆ ಎಂದಿನಂಗೆ ಸ್ಕೂಲ್ ತೆಗೆದ್ರು, ಆಮೇಲೆ ಸ್ನೋ ಜೋರಾಗ್ತಿದ್ದಂಗೆ ಸ್ಕೂಲು, ಆಫೀಸು, ಸರ್ಕಾರಿ ಕಚೇರಿ ಎಲ್ಲಾ ಹೆಚ್ಚುಕಮ್ಮಿ ಒಟ್ಟಿಗೇ ಬಿಟ್ರು, ರೋಡೆಲ್ಲಾ ಜಾಮ್, ಐಸ್ ಕರಗಿಸೋಕೆ ರೋಡಿಗೆ ಉಪ್ಪು ಹಾಕೋ ಟ್ರಕ್ಕೂ ಅದೇ ಜಾಮಲ್ಲಿ ಸಿಕ್ಕಾಕೊಂಡು, ಸಾವಿರಾರು ಮಕ್ಕಳು ರಾತ್ರಿಯೆಲ್ಲಾ ಸ್ಕೂಲಲ್ಲೇ ಮಲಗಿದ್ರು, ಎಷ್ಟೋ ಮಕ್ಕಳು ಬಸ್ಸಲ್ಲೇ ಗಂಟೆಗಟ್ಲೆ ಕೂತಿದ್ರು. ಹೆತ್ತೋರ ಸ್ಥಿತಿ ಯೋಚ್ನೆ ಮಾಡಿ.

ಶಿಕಾಗೋ ಲೆಕ್ಕ ಇಲ್ಲಿಗೆ ಬರಲ್ಲ, ಅಲ್ಲಿ ರೋಡಿಂದ ಸ್ನೋ ತಳ್ಳೋ ಪ್ಲೋ ಟ್ರಕ್ ನೂರಾರು ಇದಾವೆ. ಇಲ್ಲಿ ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟುತ್ತೆ, ಟಾರ್ ಮೇಲೆ ಆ ಐಸ್ ಕಣ್ಣಿಗೇ ಕಾಣಲ್ಲ, ಬೆಳಿಗ್ಗೆ ಕತ್ತಲಲ್ಲಿ ಹೊರಟ ಹಳದಿ ಬಸ್ಸು ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೂ ಜಾರ್ತಾನೇ ಹೋಗುತ್ತೆ. ಮಂಗಳೂರು ಕಡೆ ಮಳೆಗೆ ಡಿಸಿ ರಜಾ ಕೊಡೋದೂ ತೋಡು ದಾಟಿ ಬರೋ ಮಕ್ಕಳನ್ನ ನೋಡೇ ಅಲ್ವಾ.

ನನ್ನ ತಕರಾರು ಒಂದೇ, ರಜಾ ಅನ್ನೋದನ್ನ ಹಿಂದಿನ ಸಂಜೆನೇ ಹೇಳ್ಬೇಕು. ಗಂಟೆ ಲೆಕ್ಕದ ಕೆಲಸದಲ್ಲಿರೋ ಅಪ್ಪ ಅಮ್ಮ, ಸ್ಕೂಲ್ ಊಟನೇ ನಂಬಿರೋ ಮಕ್ಕಳು, ಬೆಳಗಿನ ಜಾವ ಮೆಸೇಜ್ ಬಂದ್ರೆ ಏನ್ ಮಾಡ್ಬೇಕು? ಆನ್‌ಲೈನ್ ಕ್ಲಾಸ್ ಇದೆಯಲ್ಲ ಅಂತಾರೆ, 2024ರ ಫೆಬ್ರವರಿ 13ಕ್ಕೆ ನ್ಯೂಯಾರ್ಕಲ್ಲಿ ಅದನ್ನೇ ಮಾಡೋಕೆ ಹೋಗಿ ಬೆಳಿಗ್ಗೆ ಲಾಗಿನ್ ಆಗ್ದೇ ಎಷ್ಟೋ ಜನ ಪರದಾಡಿದ್ರು. ನೀವು ಮೊದ್ಲು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ನಿಮ್ಮ ಕಡೆ ಸರ್ಕಾರಿ ಸ್ಕೂಲ್‌ಗಳನ್ನ ನಡೆಸೋ ಆಡಳಿತ) ಕಳಿಸೋ ಅಲರ್ಟ್‌ಗೆ ಅಪ್ಪ ಅಮ್ಮ ಇಬ್ಬರ ಫೋನ್ ನಂಬರೂ ಕೊಟ್ಟಿದೀರಾ ನೋಡ್ಕೊಳ್ಳಿ.