ಪಟ್ಟಿ ಕೊಟ್ಟವರ ನಿದ್ದೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದವರು ಪೀಣ್ಯದ ಒಂದು ಫೌಂಡ್ರಿಯ, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಯ ಸೂಪರ್‌ವೈಸರ್. ವಯಸ್ಸು 44. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಇಲ್ಲ ಎಂದರು. ಜೊತೆಗಿದ್ದ ಹೆಂಡತಿ, "ಕೆಲಸ ಉಳೀತಲ್ಲ, ಇನ್ಯಾಕೆ ಚಿಂತೆ ಅಂತ ಎಲ್ಲರೂ ಕೇಳ್ತಾರೆ ಮೇಡಂ" ಎಂದರು.

ಚಿಂತೆ ಇದ್ದದ್ದು ಆ ಉಳಿದದ್ದರಲ್ಲೇ. ಕಾರ್ಖಾನೆಗೆ ಹೊಸ ಮೌಲ್ಡಿಂಗ್ ಲೈನ್, ಅಂದರೆ ಮರಳಿನ ಅಚ್ಚು ಮಾಡುವ ಯಂತ್ರಗಳ ಸಾಲು ಬಂದಿತ್ತು. ಇವರ ವಿಭಾಗದ 26 ಜನರಲ್ಲಿ 11 ಜನ ಹೋಗಬೇಕು, ಹೆಸರು ನೀವೇ ಕೊಡಿ ಎಂದಿತ್ತು ಆಫೀಸು. ಕೊಟ್ಟರು. ಅದರಲ್ಲಿ ಇವರಿಗೆ ಕೆಲಸ ಕಲಿಸಿದ ಹಿರಿಯರ ಹೆಸರೂ ಇತ್ತು. ಮೌಲ್ಡಿಂಗ್ ಮರಳನ್ನು ಮುಷ್ಟಿಯಲ್ಲಿ ಅದುಮಿ, ಉಂಡೆಯನ್ನು ಎರಡಾಗಿ ಮುರಿದು, ಅಂಚು ಉದುರದಿದ್ದರೆ ಹದ ಸರಿ ಎಂದು ತೋರಿಸಿಕೊಟ್ಟವರು. ಇದನ್ನು ಹೇಳುವಾಗ ಇವರ ಬಲಗೈ ತಾನಾಗಿ ಮುಷ್ಟಿ ಕಟ್ಟಿತು.

"ಅಣ್ಣನಿಗೆ 57. ಮಂಡಿ ನೋವು. ಹೇಗೂ ಇನ್ನೊಂದು ವರ್ಷ ತಾನೆ ಅಂತ ಬರೆದುಬಿಟ್ಟೆ."

ನಿಮ್ಮ ತಪ್ಪೇನಿಲ್ಲ ಎಂದು ನಾನು ಹೇಳಲಿಲ್ಲ. ಸುಮ್ನೆ ಸಮಾಧಾನ ಮಾಡಿದರೆ ಇಂಥವರು ಎರಡನೇ ಸಲ ಬರುವುದಿಲ್ಲ. ಎಷ್ಟು ಜನ ಎಂಬುದು ಇವರ ಕೈಲಿರಲಿಲ್ಲ. ಯಾರು ಎಂಬುದು ಸ್ವಲ್ಪ ಇತ್ತು. ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕೆಂಬುದು ಕಾನೂನಿನ ಸಾಮಾನ್ಯ ನಿಯಮ. ಇವರು ಅದನ್ನು ತಿರುಗಿಸಿದ್ದರು. ಅಷ್ಟನ್ನು ಒಪ್ಪಿಕೊಳ್ಳಿ, ಉಳಿದದ್ದು ಆಫೀಸಿನ ತಲೆ ಮೇಲಿರಲಿ ಎಂದೆ. ಹಿರಿಯರು ಕಾರ್ಮಿಕ ಇಲಾಖೆಗೆ ಹೋಗುವುದಾದರೆ ತಡೆಯಬೇಡಿ ಎಂದೂ ಹೇಳಿದೆ.

ಕ್ಷಮೆ ಕೇಳಲು ಓಡುವುದು ಬೇಡ. ಆಗ ಕೆಲಸ ಕಳೆದುಕೊಂಡವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ಅಲ್ವಾ? ಬದಲಿಗೆ ಅವರ ಸೆಟ್ಲ್‌ಮೆಂಟ್ ಕಾಗದ ನೋಡಿಕೊಡಿ. ಕೊನೆಯ ಬೇಸಿಕ್ಕು, ಡಿಎ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಗ್ರಾಚ್ಯುಟಿ. ಕೊನೆಯ ವರ್ಷ ಆರು ತಿಂಗಳು ದಾಟಿದ್ದರೆ ಪೂರ್ತಿ ವರ್ಷ ಎಂದೇ ಹಿಡಿಯಬೇಕು. ಕೆಲಸದಿಂದ ತೆಗೆದದ್ದಕ್ಕೆ ಕೊಡುವ ಪರಿಹಾರ ಇದರಲ್ಲಿ ಸೇರಿಲ್ಲ, ಅದು ಬೇರೆ.

ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡಿ ಎಂದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಮೊದಲ ಸಲ ಹಿರಿಯರು ಬಾಗಿಲಿನಿಂದಲೇ ವಾಪಸ್ ಕಳಿಸಿದರಂತೆ. ಎರಡನೇ ಸಲ ಕಾಗದ ಕೈಗೆ ಕೊಟ್ಟರು. ಸೇವೆ 23 ವರ್ಷ 8 ತಿಂಗಳು, ಲೆಕ್ಕ ಹಾಕಿದ್ದು 23ಕ್ಕೆ. ಬೇಸಿಕ್ಕು, ಡಿಎ ಸೇರಿ 18,200 ರೂಪಾಯಿ. ಹಾಗಾಗಿ ಒಂದು ವರ್ಷದ ಗ್ರಾಚ್ಯುಟಿ, 10,500 ಕಡಿಮೆ ಬಂದಿದೆ. ಇಬ್ಬರೂ ಕೂತು ಅರ್ಜಿ ಬರೆದಿದ್ದಾರೆ. ಕಾಫಿ ಮಾತ್ರ ಕೊಡಲಿಲ್ಲ ಎಂದು ಇವರಿಗೆ ಬೇಜಾರು.

ಈಗ ನಾಲ್ಕೂವರೆವರೆಗೆ ಮಲಗುತ್ತಾರೆ.