ಬ್ರಿಟಿಷ್ ಪೌರತ್ವ ಇಲ್ಲದ ಭಾರತೀಯರು ಅಲ್ಲಿನ ಚುನಾವಣೆಯಲ್ಲಿ ವೋಟು ಹಾಕಬಹುದಾ?

ಖಂಡಿತ ಹಾಕಬಹುದು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ (ಬಹುತೇಕ ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶಗಳ ಕೂಟ) ದೇಶ ಅಲ್ವಾ, ಹಾಗಾಗಿ ವೀಸಾ ಮೇಲೆ ಬ್ರಿಟನ್ನಿನಲ್ಲಿ ನೆಲೆಸಿರುವ, 18 ತುಂಬಿದ ಭಾರತೀಯರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತದ ಹಕ್ಕಿದೆ. ವಿದ್ಯಾರ್ಥಿಗಳಿಗೂ ಇದೆ. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕು. ಮತಗಟ್ಟೆಯಲ್ಲಿ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಸಾಕು.

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೇ ಎಂದು ಕೇಳಿದ 2016ರ ಬ್ರೆಕ್ಸಿಟ್ ಜನಮತದಲ್ಲಿ ನಮ್ಮವರಿಗೆ ವೋಟಿತ್ತು. ಪೋಲೆಂಡ್ ಕಾಮನ್‌ವೆಲ್ತ್ ದೇಶ ಅಲ್ಲದ್ದರಿಂದ, ವರ್ಷಗಟ್ಟಲೆ ಅಲ್ಲೇ ದುಡಿದಿದ್ದ ಅಲ್ಲಿನ ಪ್ರಜೆಗಳಿಗೆ ಇರಲಿಲ್ಲ! ಅದು ಅನ್ಯಾಯ ಎಂದೇ ನನಗೆ ಅನಿಸುತ್ತದೆ.

ವೋಟಿಗೋಸ್ಕರ ಮಾತ್ರ ಪೌರತ್ವ ಬದಲಿಸಬೇಡಿ. ಬ್ರಿಟಿಷ್ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ಆಮೇಲೆ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿಕೊಂಡರೂ ಊರಿನಲ್ಲಿ ವೋಟಿಲ್ಲ, ಕೃಷಿ ಜಮೀನನ್ನೂ ಕೊಳ್ಳುವಂತಿಲ್ಲ.